“ಯಾರು ಕಳಿಸ್ಯಾರ?” ಅಂತ ಕೇಳಿದ ಅಜ್ಜಿಗೆ, ಜೊತೆಗೆ ನಿಂತ ಎಲ್ಲರಿಗೆ

ರಾಯಚೂರಿನಲ್ಲಿ ಜನರ ಅಭಿಪ್ರಾಯ ಕೇಳುವ ನಮ್ಮ ಪುಟ್ಟ ಸರ್ವೆ ಕಚೇರಿ ತೆರೆದು ಈ ವಾರಕ್ಕೆ ಎರಡು ವರ್ಷ ತುಂಬಿತು. ಬಾಡಿಗೆ ಕಟ್ಟಲು ಪರದಾಡಿದ ತಿಂಗಳುಗಳಲ್ಲಿ ಕೈ ಹಿಡಿದವರಿಗೆ ನಾಲ್ಕು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಮೊದಲ ನಮಸ್ಕಾರ ಮಾನ್ವಿ ತಾಲ್ಲೂಕಿನ ಒಬ್ಬ ಅಜ್ಜಿಗೆ. ಅವರ ಹೆಸರು ಬರೆಯುವುದಿಲ್ಲ. ಒಮ್ಮೆ ಸುಳ್ಳು ಹೇಳಿ ಕೇಳಿ ಬರೆದುಕೊಂಡದ್ದೇ ಸಾಕು.

2023ರ ವಿಧಾನಸಭಾ ಚುನಾವಣೆಗೆ ಮುಂಚೆ ನಾನೊಂದು ರಾಜಕೀಯ ಸಲಹಾ ಸಂಸ್ಥೆಯ ಫೀಲ್ಡ್ ಸೂಪರ್‌ವೈಸರ್ ಆಗಿದ್ದೆ. ಕೈಯಲ್ಲಿ ಟ್ಯಾಬ್. ಅದರಲ್ಲಿ ಜಾತಿ, ಫೋನ್ ನಂಬರ್, ಹೋದ ಸಲ ಯಾರಿಗೆ ಹಾಕಿದಿರಿ ಎಂಬ ಪ್ರಶ್ನೆಗಳು. ಯಾರಾದರೂ ವಿಚಾರಿಸಿದರೆ ಕಾಲೇಜಿನ ಪ್ರಾಜೆಕ್ಟ್ ಅನ್ನಬೇಕೆಂದು ಹೇಳಿಕೊಟ್ಟಿದ್ದರು. ಅಜ್ಜಿ ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ಎಲ್ಲಕ್ಕೂ ಉತ್ತರ ಕೊಟ್ಟು, ಕೈ ನಿಲ್ಲಿಸಿ, “ತಮ್ಮಾ, ನಿನ್ನ ಯಾರು ಕಳಿಸ್ಯಾರ?” ಅಂದರು. ಕಾಲೇಜಿನವರು ಅಂದೆ. “ಕಾಲೇಜಿನವರಿಗೆ ನನ್ನ ಓಟು ಯಾಕ ಬೇಕು? ಕಾಲುವಿ ನೀರು ಹೊಲಕ್ಕ ಮುಟ್ಟವಲ್ದು, ಅದನ್ನ ಬರಕೊಂಡಿಯೇನು?”

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಊರು ಅದು. ನೀರಿನ ಮಾತಿಗೆ ಟ್ಯಾಬಿನಲ್ಲಿ ಜಾಗವೇ ಇರಲಿಲ್ಲ.

ಅಂದು ರಾತ್ರಿ ಮೇಲಿನವರಿಗೆ ಫೋನ್ ಮಾಡಿ, ಯಾವ ಪಕ್ಷಕ್ಕಾಗಿ ಅಂತ ಹೇಳಿಯೇ ಕೇಳೋಣ ಅಂದೆ. ಆಗಲ್ಲ ಅಂದರು. ಕೆಲಸ ಬಿಟ್ಟೆ. ನನ್ನ ಹಿಂದೆ ಒಂಬತ್ತು ಹುಡುಗರೂ ಬಿಟ್ಟರು, ಎರಡು ತಿಂಗಳ ಪಗಾರ ನಿಂತಿತು. ತಮ್ಮಂದಿರಾ, ಮನೆಯಲ್ಲಿ ಬೈಗುಳ ತಿಂದರೂ ನೀವು ನನಗೊಂದು ಮಾತು ಆಡಲಿಲ್ಲ. ಅದನ್ನು ಮರೆಯಲಾರೆ. ಸಿಂಧನೂರಿನ ವಕೀಲರೇ, ನೀವು ಪುಕ್ಕಟೆ ಬರೆದುಕೊಟ್ಟ ನೋಟಿಸಿನಿಂದಲೇ ಏಳು ತಿಂಗಳ ಮೇಲಾದರೂ ಆ ದುಡ್ಡು ಬಂತು.

ಈ ಕಸುಬೇ ಕೆಟ್ಟದ್ದು ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಬಳ್ಳಾರಿ ಮೂಲದ ಸುನೀಲ್ ಕನುಗೋಲು 2023ರಲ್ಲಿ ಕಾಂಗ್ರೆಸ್ಸಿನ ಚುನಾವಣಾ ತಂತ್ರ ಹೆಣೆದ ಮೇಲೆ, ಇದೂ ಒಂದು ಉದ್ಯೋಗ ಅಂತ ನಮ್ಮ ಕಡೆಯ ಎಷ್ಟೋ ಹುಡುಗರಿಗೆ ಅನಿಸಿತು. ಜನರ ಮನಸ್ಸಿನಲ್ಲಿ ಇದ್ದದ್ದನ್ನು ಅಭ್ಯರ್ಥಿಗೆ ಇದ್ದಹಾಗೆ ಮುಟ್ಟಿಸುವವನು ಬೇಕೇ ಬೇಕು. ಲಾಬಿ, ಅಂದರೆ ತಮಗೆ ಬೇಕಾದ್ದಕ್ಕೆ ಸರ್ಕಾರದ ಮೇಲೆ ಒತ್ತಡ ಹಾಕುವುದು, ಅದೂ ಹಾಗೆಯೇ. ರಾಯಚೂರಿಗೆ ಏಮ್ಸ್ ಆಸ್ಪತ್ರೆ ಕೊಡಿ ಅಂತ ನಮ್ಮ ಜನ 2022ರ ಮೇ ತಿಂಗಳಿಂದ ಧರಣಿ ಕೂತರಲ್ಲ, ಅದೂ ಸರ್ಕಾರದ ಮೇಲೆ ಒತ್ತಡವೇ. ಆದರೆ ಬ್ಯಾನರ್ ಕಟ್ಟಿ, ಹೆಸರು ಹೇಳಿ, ಬೀದಿಯಲ್ಲಿ ಹಾಕಿದ ಒತ್ತಡ. ಮುಚ್ಚಿದ ಕೋಣೆಯಲ್ಲಿ ಇನ್ನೊಬ್ಬರ ದುಡ್ಡಿಗೆ ಮಾತಾಡಿ ಬರುವವರನ್ನು ಯಾರು ಕಳಿಸ್ಯಾರ ಅಂತ ಕೇಳುವ ಕಾನೂನು ನಮ್ಮಲ್ಲಿಲ್ಲ. ಅಮೆರಿಕದಲ್ಲಿ 1995ರ ಕಾಯ್ದೆಯಂತೆ ಅಂಥವರು ಹೆಸರು ನೋಂದಾಯಿಸಿ, ಯಾರ ಪರ ಅಂತ ಬರೆದುಕೊಡಬೇಕು. ಇಲ್ಲಿ ವಿಧಾನಸಭೆ ಅಭ್ಯರ್ಥಿಯ ಖರ್ಚಿಗೆ 40 ಲಕ್ಷದ ಮಿತಿ ಇದೆ, ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ನನ್ನಂಥ ಸಾವಿರಾರು ಹುಡುಗರ ಪಗಾರ ಎಲ್ಲಿಂದ ಬರುತ್ತದೆ ಅಂತ ಮತದಾರರಿಗೆ ಹೇಗೆ ತಿಳಿಯಬೇಕು?

ನಮ್ಮ ಕಚೇರಿಯ ಫಾರಂನಲ್ಲಿ ಮೊದಲ ಸಾಲೇ ದುಡ್ಡು ಕೊಟ್ಟವರ ಹೆಸರು. ಬಾಗಿಲಲ್ಲಿ ನಿಂತು ಅದನ್ನು ಓದಿ ಹೇಳಿಯೇ ಮುಂದಿನ ಪ್ರಶ್ನೆ. ಇದನ್ನು ಕೇಳಿ ಇಬ್ಬರು ಮುಖಂಡರು ಎದ್ದು ಹೋದರು. ಹೋಗದೆ ಕೂತು, ಮುಂಗಡ ಕೊಟ್ಟ ರೈತ ಸಂಘದ ಹಿರಿಯರಿಗೆ ಶರಣು.

ಕೊನೆಗೆ ನನ್ನ ಅವ್ವ. ಕಚೇರಿಯ ಅಡ್ವಾನ್ಸಿಗೆ ಕೊರಳ ಬೋರಮಾಳ ಬಿಚ್ಚಿಕೊಟ್ಟಳು, ಏನು ಎತ್ತ ಕೇಳಲಿಲ್ಲ. ಅವ್ವಾ, ಅಡವಿಟ್ಟ ಸರದ ಮೇಲೆ ಇನ್ನು ಎರಡೇ ಕಂತು ಬಾಕಿ. ಯುಗಾದಿಗೆ ಬಿಡಿಸಿಕೊಂಡು ಬರ್ತೀನಿ.