ಅಧ್ಯಯನದ ಫಲ ಕೌನ್ಸೆಲಿಂಗ್ ಕೋಣೆಗೂ ಬರಲಿ

ಮಾನ್ಯ ಸಂಪಾದಕರೇ,

ಮಂಗಳೂರಿನ ನಮ್ಮ ಕಚೇರಿಯಲ್ಲಿ ಕಳೆದ ವರ್ಷ ಎರಡು ದಿನದ ಕೋಚಿಂಗ್ ಶಿಬಿರ ನಡೆಯಿತು. ತರಬೇತುದಾರರು ಒಬ್ಬೊಬ್ಬರನ್ನೇ ಎಬ್ಬಿಸಿ ನಿಲ್ಲಿಸಿ, ಎಲ್ಲರೆದುರು ಅವರ ಸ್ವಭಾವದ ಕುಂದುಗಳನ್ನು ಎಣಿಸಿದರು. ಹೊಸದಾಗಿ ಸೇರಿದ್ದ ಹುಡುಗಿ ಮರುವಾರವೇ ಕೆಲಸ ಬಿಟ್ಟಳು. ಅವಳ ಮುಖ ಇನ್ನೂ ಕಣ್ಣ ಮುಂದಿದೆ.

ಇದನ್ನು ತಪ್ಪಿಸುವ ತಿಳಿವಳಿಕೆ ಹಳೆಯದೇ. ಕ್ಲೂಗರ್ ಮತ್ತು ಡಿನಿಸಿ ಎಂಬ ಸಂಶೋಧಕರು 600ಕ್ಕೂ ಹೆಚ್ಚು ಫಲಿತಾಂಶಗಳನ್ನು ಒಟ್ಟುಗೂಡಿಸಿ 1996ರಲ್ಲಿ ತೋರಿಸಿದ್ದಾರೆ: ಕೆಲಸದ ಬಗ್ಗೆ ಕೊಡುವ ಅಭಿಪ್ರಾಯ ಸರಾಸರಿ ಲೆಕ್ಕದಲ್ಲಿ ಒಳ್ಳೆಯದನ್ನೇ ಮಾಡುತ್ತದೆ, ಆದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಕೆಲಸವನ್ನು ಕೆಡಿಸುತ್ತದೆ. ಗಮನ ಕೆಲಸದಿಂದ ಸರಿದು ‘ನಾನು ಎಂಥವಳು’ ಎಂಬುದರತ್ತ ತಿರುಗಿದಾಗ ಅದರ ಪ್ರಯೋಜನ ಕುಗ್ಗುತ್ತದೆ ಎಂಬುದು ಅವರ ವಿವರಣೆ. ಆ ಶಿಬಿರದಲ್ಲಿ ನಡೆದದ್ದೂ ಅದೇ.

ಆಪ್ತಸಮಾಲೋಚನೆಗೂ, ಅಂದರೆ ಕೌನ್ಸೆಲಿಂಗ್‌ಗೂ, ಇಂಥ ಆಧಾರಗಳಿವೆ. ಗುರಿ, ಅದಕ್ಕೆ ಮಾಡಬೇಕಾದ ಕೆಲಸ, ಪರಸ್ಪರ ನಂಟು, ಈ ಮೂರರಲ್ಲಿ ಸಮಾಲೋಚಕರೂ ನೆರವು ಕೇಳಿ ಬಂದವರೂ ಜತೆಯಾಗಬೇಕೆಂದು ಮನಶ್ಶಾಸ್ತ್ರಜ್ಞ ಬೋರ್ಡಿನ್ 1979ರಲ್ಲೇ ಬರೆದರು. ಈ ಹೊಂದಾಣಿಕೆ ಗಟ್ಟಿಯಿದ್ದಲ್ಲಿ ಫಲವೂ ಉತ್ತಮ ಎಂದು ನಂತರದ ಅಧ್ಯಯನಗಳು ಮತ್ತೆ ಮತ್ತೆ ಕಂಡುಕೊಂಡಿವೆ. ತುಳುವಿನಲ್ಲೋ ಬ್ಯಾರಿಯಲ್ಲೋ ಕೊಂಕಣಿಯಲ್ಲೋ ಸಂಕಟ ಹೇಳಿಕೊಳ್ಳುವ ನಮ್ಮವರಿಗೆ ಆ ನಂಟು ಭಾಷೆಯಿಂದಲೇ ಶುರುವಾಗುತ್ತದೆ ಎಂದು ನನ್ನ ನಂಬಿಕೆ.

ಕೊಣಾಜೆ, ಮಣಿಪಾಲಗಳಲ್ಲಿ ವಿಶ್ವವಿದ್ಯಾಲಯಗಳಿವೆ. ಇಂಥ ಸಂಶೋಧನೆಗಳ ಸಾರವನ್ನು ಅವು ಸರಳ ಕನ್ನಡದಲ್ಲಿ ಪ್ರಕಟಿಸಲಿ, ಶಾಲಾ ಕಾಲೇಜುಗಳ ಸಮಾಲೋಚಕರಿಗೆ ವರ್ಷಕ್ಕೊಮ್ಮೆಯಾದರೂ ಕಾರ್ಯಾಗಾರ ನಡೆಸಲಿ. ಕಂಪೆನಿಗಳೂ ಕೋಚ್‌ಗಳನ್ನು ಕರೆಸುವ ಮೊದಲು ‘ನಿಮ್ಮ ವಿಧಾನಕ್ಕೆ ಆಧಾರವೇನು?’ ಎಂದು ಕೇಳಲಿ.

– ಓದುಗರೊಬ್ಬರು, ಕದ್ರಿ, ಮಂಗಳೂರು