ಪ್ರಬಂಧ ಓದುವುದನ್ನೂ ಕೆಲಸವೆಂದು ಲೆಕ್ಕಕ್ಕೆ ಹಿಡಿಯಿರಿ: ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಿಕ್ಷಣ ಸಚಿವರೇ,

ನಾನು ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡುವವಳು. ತಾನೇ ಆಕರ ಹುಡುಕಿ, ಓದಿ, ಯೋಚಿಸಿ ಬರೆದ ಒಂದೇ ಒಂದು ಇತಿಹಾಸ ಪ್ರಬಂಧವೂ ಇಲ್ಲದೆ ನಮ್ಮ ಮಕ್ಕಳು ಶಾಲೆ ಮುಗಿಸಿ ಹೊರಡುತ್ತಿದ್ದಾರೆ. ಅದಕ್ಕೇ ಈ ಪತ್ರ.

ಪ್ರಾಜೆಕ್ಟ್ ಮಾಡಿಸುತ್ತೀರಲ್ಲ ಎಂದು ನೀವು ಕೇಳಬಹುದು. ಮಾಡಿಸುತ್ತೇವೆ. ಬಣ್ಣದ ರಟ್ಟು, ನೆಟ್‌ನಿಂದ ಇಳಿಸಿಕೊಂಡ ಚಿತ್ರಗಳು, ದುಂಡಗಿನ ಅಕ್ಷರದಲ್ಲಿ ನಕಲು ಮಾಡಿದ ನಾಲ್ಕು ಪುಟ. ಹುಡುಕಿದರೂ ಅದರೊಳಗೆ ಮಗುವಿನದ್ದೇ ಆದ ಪ್ರಶ್ನೆ ಒಂದೂ ಸಿಗುವುದಿಲ್ಲ.

ಕಳೆದ ವರ್ಷ ಒಬ್ಬ ಹುಡುಗಿ 1918ರಲ್ಲಿ ಜಗತ್ತಿಗೆಲ್ಲ ಹಬ್ಬಿದ ಜ್ವರದ ಬಗ್ಗೆ ಬರೆದು ತಂದಳು. ಮೊದಲ ವಾಕ್ಯವೇ, 'ಸ್ಪ್ಯಾನಿಷ್ ಫ್ಲೂ ಸ್ಪೇನ್‌ನಲ್ಲಿ ಹುಟ್ಟಿತು.' ಅದರಡಿ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, ಅಂಚಿನಲ್ಲಿ 'ಯಾರು ಹೇಳಿದ್ದು?' ಎಂದಷ್ಟೇ ಬರೆದು ಹಿಂದಿರುಗಿಸಿದೆ. ಮುಖ ಸಣ್ಣದು ಮಾಡಿಕೊಂಡು ಹೋದಳು. ಎರಡು ವಾರದ ಮೇಲೆ ಬಂದವಳ ಕೈಯಲ್ಲಿ ಬೇರೆಯದೇ ಕಥೆಯಿತ್ತು. ಆಗ ಮೊದಲ ಮಹಾಯುದ್ಧದ ಕಾಲ. ಕಾದಾಡುತ್ತಿದ್ದ ದೇಶಗಳಲ್ಲಿ ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು, ಸೈನಿಕರು ಜ್ವರದಿಂದ ಸಾಯುತ್ತಿರುವ ಸುದ್ದಿ ಅಚ್ಚಾಗುವುದು ಕಷ್ಟವಿತ್ತು. ಸ್ಪೇನ್ ತಟಸ್ಥವಾಗಿತ್ತು. ಅಲ್ಲಿನ ಪತ್ರಿಕೆಗಳು ಜ್ವರದ ಬಗ್ಗೆ ಬಿಡುಬೀಸಾಗಿ ಬರೆದವು, ದೊರೆ ಹದಿಮೂರನೇ ಅಲ್ಫಾನ್ಸೋ ಹಾಸಿಗೆ ಹಿಡಿದದ್ದೂ ಸುದ್ದಿಯಾಯಿತು. ಸುದ್ದಿ ಬಂದ ಕಡೆಯಿಂದಲೇ ರೋಗವೂ ಬಂತೆಂದು ಜನ ನಂಬಿಬಿಟ್ಟರು.

'ಹಾಗಾದರೆ ಎಲ್ಲಿ ಹುಟ್ಟಿತು ಮೇಡಂ?' ಎಂದು ಕೇಳಿದಳು. ಅಮೆರಿಕದ ಕನ್ಸಾಸ್ ಎನ್ನುವವರಿದ್ದಾರೆ, ಫ್ರಾನ್ಸಿನಲ್ಲಿದ್ದ ಸೇನಾ ಶಿಬಿರ ಎನ್ನುವವರಿದ್ದಾರೆ, ಚೀನಾ ಎನ್ನುವವರೂ ಇದ್ದಾರೆ; ಇನ್ನೂ ಇತ್ಯರ್ಥವಾಗಿಲ್ಲ. ಮೂರೂ ವಾದಗಳನ್ನು ಪಕ್ಕಪಕ್ಕ ಇಟ್ಟು, ಯಾವುದಕ್ಕೆ ಎಷ್ಟು ಆಧಾರವಿದೆ ಎಂದು ತೂಗಿ, ಕೊನೆಗೆ 'ಖಚಿತವಾಗಿ ಹೇಳಲಾಗದು' ಎಂದು ಬರೆಯಲು ಅವಳಿಗೆ ಮೂರನೇ ಕರಡೇ ಬೇಕಾಯಿತು. ನನ್ನ ಮಟ್ಟಿಗೆ ಆ ವರ್ಷದ ಅತ್ಯುತ್ತಮ ಉತ್ತರ ಅದು. ಪರೀಕ್ಷೆಯಲ್ಲಿ ಬರೆದಿದ್ದರೆ ಸೊನ್ನೆ ಬರುತ್ತಿತ್ತು.

ಅಡಿಟಿಪ್ಪಣಿ ಎಂದರೆ ಮೊದಮೊದಲು ಮಕ್ಕಳಿಗೆ ಕಿರಿಕಿರಿ. ಆದರೆ ಯಾವ ಪುಸ್ತಕ, ಯಾವ ಪುಟ ಎಂದು ಬರೆಯಲೇಬೇಕಾದಾಗ ನಕಲು ಹೊಡೆಯುವ ಕೈ ತಾನಾಗಿ ತಡೆಯುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈಗ ಲೆಕ್ಕಕ್ಕೆ ಬರುತ್ತೇನೆ. ನನಗೆ 150 ಮಕ್ಕಳು. ಒಂದು ಪ್ರಬಂಧವನ್ನು ಗಮನವಿಟ್ಟು ಓದಿ, ಅಂಚಿನಲ್ಲಿ ನಾಲ್ಕು ಮಾತು ಬರೆಯಲು 20 ನಿಮಿಷ ಬೇಕು. ಒಂದು ಕರಡಿಗೇ 50 ಗಂಟೆ, ಮೂರು ಕರಡಿಗೆ 150 ಗಂಟೆ. ಉತ್ತರಪತ್ರಿಕೆ ತಿದ್ದಿದರೆ ಅದು ಕೆಲಸ. ಪ್ರಬಂಧ ತಿದ್ದುವುದಕ್ಕೆ ವೇಳಾಪಟ್ಟಿಯಲ್ಲಿ ಒಂದು ಪೀರಿಯಡ್ಡೂ ಇಲ್ಲ. ಆ ಹುಡುಗಿಗೆ ಕೊಟ್ಟ ಸಮಯವನ್ನು ಉಳಿದ 149 ಮಕ್ಕಳಿಗೆ ಕೊಡಲು ನನ್ನಿಂದ ಆಗಲಿಲ್ಲ. ಆ ನೋವು ನನ್ನನ್ನು ಬಿಟ್ಟಿಲ್ಲ.

ಈ ವಯಸ್ಸಿಗೆ ಇದೆಲ್ಲ ಹೊರೆ ಎಂದು ನಿಮಗೆ ಸಲಹೆ ಕೊಡುವವರು ಇದ್ದೇ ಇರುತ್ತಾರೆ. ಜರ್ಮನಿಯಲ್ಲಿ 1973ರಿಂದ ರಾಷ್ಟ್ರಾಧ್ಯಕ್ಷರ ಹೆಸರಿನಲ್ಲೇ ಮಕ್ಕಳಿಗೆ ಇತಿಹಾಸ ಸ್ಪರ್ಧೆ ನಡೆಯುತ್ತಿದೆ. ತಮ್ಮೂರಿನ ಹಳೆಯ ದಾಖಲೆಗಳನ್ನು ಮಕ್ಕಳೇ ತೆರೆದು ಓದುತ್ತಾರೆ. ಅಮೆರಿಕದಲ್ಲಿ ವಿಲ್ ಫಿಟ್ಜ್‌ಹ್ಯೂ ಎಂಬ ಶಿಕ್ಷಕರು 1987ರಲ್ಲಿ ಹೈಸ್ಕೂಲು ಮಕ್ಕಳ ಇತಿಹಾಸ ಪ್ರಬಂಧಗಳಿಗೆಂದೇ ತ್ರೈಮಾಸಿಕವೊಂದನ್ನು ಸ್ಥಾಪಿಸಿದರು. ಹಲವು ದೇಶಗಳ ಶಾಲೆಗಳಲ್ಲಿರುವ ಅಂತರರಾಷ್ಟ್ರೀಯ ಬ್ಯಾಕಲೋರಿಯೇಟ್ ಡಿಪ್ಲೊಮಾ ಎಂಬ ಕೋರ್ಸ್ ಓದುವವರು 4,000 ಪದಗಳವರೆಗಿನ ಸಂಶೋಧನಾ ಪ್ರಬಂಧ ಬರೆಯಲೇಬೇಕು. ಹೊರೆ ಮಕ್ಕಳಿಗಲ್ಲ ಸ್ವಾಮಿ, ಓದಿ ತಿದ್ದುವವರಿಗೆ.

ಆದ್ದರಿಂದ ಹೊಸ ಪಠ್ಯಪುಸ್ತಕ ಕೇಳುತ್ತಿಲ್ಲ, ಕಂಪ್ಯೂಟರ್ ಕೇಳುತ್ತಿಲ್ಲ. ವರ್ಷಕ್ಕೊಂದು ಪ್ರಬಂಧ ಕಡ್ಡಾಯ ಮಾಡಿ. ಅದಕ್ಕಾಗಿ ಪಠ್ಯದಿಂದ ಎರಡು ಅಧ್ಯಾಯ ಕೈಬಿಡಿ. ಪ್ರಬಂಧ ಓದುವ ಗಂಟೆಗಳನ್ನು ಶಿಕ್ಷಕರ ಕೆಲಸದ ಅವಧಿಯೊಳಗೆ ಸೇರಿಸಿ. ಮೂರನೆಯದನ್ನು ಬಿಟ್ಟು ಮೊದಲಿನದನ್ನು ಮಾತ್ರ ಮಾಡುವುದಾದರೆ ದಯವಿಟ್ಟು ಬೇಡ. ಮತ್ತೆ ಬಣ್ಣದ ರಟ್ಟುಗಳೇ ಬರುತ್ತವೆ.

ಆ ಹುಡುಗಿಯ ಒಪ್ಪಿಗೆ ಪಡೆದು, ಅವಳ ಪ್ರಬಂಧವನ್ನು ಮೂರೂ ಕರಡುಗಳ ಸಮೇತ ನಿಮ್ಮ ಕಚೇರಿಗೆ ಕಳುಹಿಸಿದ್ದೇನೆ. ಕೊನೆಯ ಕರಡು ಏಳು ಪುಟ ಇದೆ. ಓದಲು 20 ನಿಮಿಷ ಸಾಕು.

ಇಂತಿ,
ಒಬ್ಬ ಇತಿಹಾಸ ಶಿಕ್ಷಕಿ