ವಯೋಮಿಂಗ್‌ನ ಶೆರಿಫ್‌ನನ್ನು ಎತ್ತಂಗಡಿ ಮಾಡಲಾಗದು

ಮಾನ್ಯ ಸಂಪಾದಕರೇ,

ನಿಮ್ಮ ಈ ಸಲದ ವಿಶೇಷಾಂಕದಲ್ಲಿ ಬಂದಿರುವ ಕಿರುಕಾದಂಬರಿ ಒಂದೇ ಗುಕ್ಕಿನಲ್ಲಿ ಓದಿಸಿಕೊಂಡು ಹೋಗುತ್ತದೆ. ಅಮೆರಿಕದ ವಯೋಮಿಂಗ್ ರಾಜ್ಯ, ಕ್ರಿಸ್‌ಮಸ್ ಹಿಂದಿನ ರಾತ್ರಿ, ಹಿಮದಲ್ಲಿ ಹೂತ ಕಾರು, ಒಳಗೊಂದು ಹೆಣ, ಜಾಡು ಹಿಡಿದು ಹೊರಟ ಹಳ್ಳಿಗಾಡಿನ ಶೆರಿಫ್ (ಅಲ್ಲಿನ ಜಿಲ್ಲಾ ಪೊಲೀಸ್ ಮುಖ್ಯಸ್ಥ): ಸರಕು ಚೆನ್ನಾಗಿದೆ. ಆದರೆ ಎದೆಯ ಮೇಲಿನ ನಕ್ಷತ್ರ ಕಿತ್ತಿಟ್ಟರೆ ಒಳಗಿರುವವನು ನಮ್ಮ ಸಿನಿಮಾದ ಇನ್‌ಸ್ಪೆಕ್ಟರೇ. ಅಲ್ಲಿನ ವ್ಯವಸ್ಥೆಯನ್ನು ಇದ್ದ ಹಾಗೇ ಬಿಟ್ಟಿದ್ದರೆ ಕುತೂಹಲ ಇಮ್ಮಡಿಯಾಗುತ್ತಿತ್ತು ಎಂಬುದೇ ನನ್ನ ತಕರಾರು.

ಗವರ್ನರ್ ಕಡೆಯವನೊಬ್ಬ ಫೋನ್ ಮಾಡಿ ‘ನಾಳೆಯೇ ಎತ್ತಂಗಡಿ ಮಾಡಿಸ್ತೀನಿ’ ಎಂದು ಗದರುತ್ತಾನೆ. ಎಲ್ಲಿಗೆ? ಅಲ್ಲಿ ಶೆರಿಫ್‌ನನ್ನು 4 ವರ್ಷಕ್ಕೊಮ್ಮೆ ಆ ಕೌಂಟಿಯ, ಅಂದರೆ ಜಿಲ್ಲೆಯ, ಜನರೇ ಓಟು ಹಾಕಿ ಆರಿಸುತ್ತಾರೆ. ಅವನ ಜುಟ್ಟು ಇರುವುದು ಬಜೆಟ್ ಮಂಜೂರು ಮಾಡುವ ಕೌಂಟಿ ಕಮಿಷನರ್‌ಗಳ ಕೈಯಲ್ಲಿ, ಮತ್ತು ಮುಂದಿನ ಚುನಾವಣೆಯಲ್ಲಿ ಓಟು ಹಾಕಲಿರುವ ಆರೋಪಿಯ ನೆಂಟರಿಷ್ಟರ ಕೈಯಲ್ಲಿ. ಅಸಾಮಾನ್ಯ ಸಾವುಗಳನ್ನು ವಿಚಾರಿಸುವ ಕೊರೋನರ್ ಕೂಡ ಪ್ರತ್ಯೇಕವಾಗಿ ಚುನಾಯಿತ, ಅವನು ವೈದ್ಯನಾಗಿರಲೇಬೇಕೆಂದಿಲ್ಲ. ಕಥೆಯಲ್ಲಿ ಈ ಪಾತ್ರವೇ ಇಲ್ಲ. ಹೆಣ ಎತ್ತಿಸುವುದೂ ಶೆರಿಫ್, ಸಾವಿನ ಕಾರಣ ಹೇಳುವುದೂ ಶೆರಿಫ್. ಇಬ್ಬರು ಚುನಾಯಿತರ ಜಟಾಪಟಿ ಕೈತಪ್ಪಿಹೋಯಿತು.

ಕರೆದ ಹತ್ತೇ ನಿಮಿಷದಲ್ಲಿ ನಾಲ್ಕು ಜೀಪು ಬಂದು ಮನೆ ಸುತ್ತುವರಿಯುತ್ತವೆ. ವಯೋಮಿಂಗ್‌ನ ನಯೋಬ್ರಾರಾ ಕೌಂಟಿಯ ವಿಸ್ತೀರ್ಣ ಸುಮಾರು 6,800 ಚದರ ಕಿ.ಮೀ., ನಮ್ಮ ದಕ್ಷಿಣ ಕನ್ನಡ ಜಿಲ್ಲೆಗಿಂತ ದೊಡ್ಡದು. 2020ರ ಜನಗಣತಿಯಲ್ಲಿ ಅಲ್ಲಿದ್ದವರು 2,467 ಜನ. ಇಂಥ ಕಡೆ ನಡುರಾತ್ರಿ ನಾಲ್ಕು ಜೀಪು ಎಲ್ಲಿಂದ ಬರಬೇಕು? ಮೇಲಾಗಿ ಕೌಂಟಿಯ ಜೈಲನ್ನು ನೋಡಿಕೊಳ್ಳುವುದೂ ಹಿಮದಲ್ಲಿ ಕಳೆದುಹೋದವರನ್ನು ಹುಡುಕಿಸುವುದೂ ಶೆರಿಫ್‌ನ ಹೊಣೆಯೇ.

ಇನ್ನು ಹೆಣದ ಸಂಗತಿ. ಮೈಮೇಲಿನ ಕೆಂಪು ಕಲೆ ನೋಡಿದ್ದೇ ತಡ, ಶೆರಿಫ್ ‘ಕಾರ್ಬನ್ ಮಾನಾಕ್ಸೈಡ್, ಕೊಲೆ’ ಎಂದುಬಿಡುತ್ತಾನೆ. ಆ ಅನಿಲದಿಂದ ಸತ್ತವರ ಮೈಯಲ್ಲಿ ರಕ್ತ ಇಳಿದು ನಿಂತ ಜಾಗ ಮಾಮೂಲಿ ನೇರಳೆಯ ಬದಲು ಕೆಂಪಾಗುವುದು ನಿಜ. ಆದರೆ ಬರೀ ಚಳಿಯಲ್ಲಿ ಬಿದ್ದಿದ್ದ ಹೆಣದಲ್ಲೂ ಹಾಗೇ ಆಗುತ್ತದೆ, ಏಕೆಂದರೆ ಆ ಶೀತದಲ್ಲಿ ಆಮ್ಲಜನಕ ಹಿಮೋಗ್ಲೋಬಿನ್ ಬಿಟ್ಟು ಹೋಗುವುದಿಲ್ಲ. ರಕ್ತಪರೀಕ್ಷೆ ಆಗದೆ ಹೇಳುವ ಹಾಗಿಲ್ಲ. ಅನಿಲವೇ ಎಂದಾದರೂ ಕೊಲೆ ಎಂದಾಗುವುದಿಲ್ಲ. ಸೈಲೆನ್ಸರ್ ಕೊಳವೆಗೆ ಹಿಮ ಕಟ್ಟಿಕೊಂಡರೆ ಹೊಗೆ ಕಾರಿನೊಳಕ್ಕೇ ನುಗ್ಗುತ್ತದೆ; ಹೀಟರ್‌ಗಾಗಿ ಎಂಜಿನ್ ಹಚ್ಚಿಟ್ಟು ನಿದ್ದೆಗೆ ಜಾರಿದವರು ಏಳುವುದಿಲ್ಲ. ಹಾಗಾಗಿ ಮೊದಲು ನೋಡಬೇಕಾದ್ದು ಕೀ ಆನ್ ಇದೆಯೇ, ಟ್ಯಾಂಕ್ ಬರಿದಾಗಿದೆಯೇ, ಕೊಳವೆಯ ಸುತ್ತ ಹಿಮ ಕರಗಿ ಮಸಿ ಹಿಡಿದಿದೆಯೇ ಎಂದು.

ಹೆಜ್ಜೆಗುರುತಿನ ಪ್ರಸಂಗವಂತೂ ಪೂರ್ತಿ ಎಡವಟ್ಟು. ಶೆರಿಫ್‌ನ ಕೈಕೆಳಗಿನ ಡೆಪ್ಯುಟಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಕಲಸಿ ನೇರ ಹಿಮಕ್ಕೆ ಸುರಿಯುತ್ತಾನೆ. ಅದು ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ಹಿಮ ಕರಗಿ ಅಟ್ಟೆಯ ಗೆರೆಗಳೇ ಅಳಿಸಿಹೋಗುತ್ತವೆ. ಮೊದಲು ಫೋಟೊ ತೆಗೆಯಬೇಕು: ಕ್ಯಾಮೆರಾ ನೆಟ್ಟಗೆ ಮೇಲಿನಿಂದ, ಅಳತೆಪಟ್ಟಿ ಗುರುತಿನ ತಳದ ಮಟ್ಟದಲ್ಲಿ, ಬೆಳಕು ಓರೆಯಾಗಿ. ಆಮೇಲೆ ಇದಕ್ಕೆಂದೇ ಸಿಗುವ ಮೇಣದ ಸ್ಪ್ರೇಯನ್ನು ತೆಳ್ಳಗೆ ಹಲವು ಪದರ ಹೊಡೆದು, ಪ್ರತಿ ಪದರವೂ ಒಣಗಲು ಬಿಡಬೇಕು. ಹತ್ತಿರದಿಂದ ಹೊಡೆದರೆ ಸ್ಪ್ರೇಯ ರಭಸವೇ ಗುರುತನ್ನು ಕೆಡಿಸುತ್ತದೆ. ಕೊನೆಗೆ ಹಲ್ಲಿನ ಅಚ್ಚಿಗೆ ಬಳಸುವ ಡೆಂಟಲ್ ಸ್ಟೋನ್ ಪುಡಿ, ಸುಮಾರು 900 ಗ್ರಾಂಗೆ 350 ಮಿ.ಲೀ. ಮಂಜಿನಷ್ಟು ತಣ್ಣನೆಯ ನೀರು. ಪಕ್ಕದಿಂದ ಮೆಲ್ಲಗೆ ಹರಿಯಬಿಡಬೇಕು. ಚಳಿಯಲ್ಲಿ ಅದು ಗಟ್ಟಿಯಾಗಲು ಮಾಮೂಲಿಗಿಂತ ಹೆಚ್ಚು ಹೊತ್ತು ಬೇಕು. ಕರಗಿಸಿದ ಗಂಧಕ ಸುರಿಯುವ ಹಳೆಯ ಪದ್ಧತಿಯೂ ಇದೆ, ಹಿಮ ತಾಕುತ್ತಲೇ ಹೆಪ್ಪುಗಟ್ಟುತ್ತದೆ. ಆದರೆ ಅದು ಕರಗುವುದು 115 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. 160 ದಾಟಿಸಿದರೆ ಅಂಟಂಟಾಗಿ ಸುರಿಯಲೂ ಬಾರದು. ಗಾಳಿ ಹಿಮವನ್ನು ಎಬ್ಬಿಸಿ ತಂದು ಗುರುತು ಮುಚ್ಚುತ್ತಿರುವಾಗ ಇಷ್ಟನ್ನೂ ಒಬ್ಬನೇ ಮಾಡಬೇಕು. ಕೊನೆಯ ಪುಟಗಳ ಗುಂಡಿನ ಕಾಳಗಕ್ಕಿಂತ ಉಸಿರು ಬಿಗಿಹಿಡಿಸುವ ದೃಶ್ಯ ಇದೇ ಆಗಬಹುದಿತ್ತು.

ಅಮೆರಿಕದ ಮೂಲನಿವಾಸಿಗಳ ವಿಂಡ್ ರಿವರ್ ಮೀಸಲು ಪ್ರದೇಶಕ್ಕೆ ನುಗ್ಗಿ ಅರಾಪಹೊ ಬುಡಕಟ್ಟಿನ ಯುವಕನನ್ನು ಹಿಡಿದು ತರುವುದೂ ಒಪ್ಪುವಂಥದ್ದಲ್ಲ. ಆ ನೆಲದಲ್ಲಿ ಬುಡಕಟ್ಟಿನವರ ಮೇಲೆ ಕೌಂಟಿ ಶೆರಿಫ್‌ಗೆ ಸಾಮಾನ್ಯವಾಗಿ ಅಧಿಕಾರವಿಲ್ಲ. ಆರೋಪಿ ಬುಡಕಟ್ಟಿನವನಾಗಿದ್ದು ಕೊಲೆ ಅಲ್ಲೇ ಆಗಿದ್ದರೆ 1885ರ ಕಾಯ್ದೆಯಂತೆ ಅದು ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಪ್ರಕರಣ.

ಕೊನೆಯದಾಗಿ, ಹಬ್ಬದ ರಜೆ ಎಂದು ಆ ಯುವಕನನ್ನು ನ್ಯಾಯಾಧೀಶರ ಗಮನಕ್ಕೂ ತಾರದೆ ಹೊಸ ವರ್ಷದವರೆಗೆ ಕೂಡಿಹಾಕುತ್ತಾರೆ. ವಾರಂಟ್ ಇಲ್ಲದೆ ಹಿಡಿದರೆ, ಬಂಧನಕ್ಕೆ ತಕ್ಕ ಕಾರಣವಿದೆಯೇ ಎಂದು ಸಾಮಾನ್ಯವಾಗಿ 48 ಗಂಟೆಯೊಳಗೆ ನ್ಯಾಯಾಧೀಶರು ಪರಿಶೀಲಿಸಬೇಕೆಂದು ಅಲ್ಲಿನ ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ವಾರಾಂತ್ಯ ಅಡ್ಡ ಬಂತೆಂಬ ನೆಪ ನಡೆಯದು. 24ರ ರಾತ್ರಿ 9ಕ್ಕೆ ಹಿಡಿದಿದ್ದರೆ ಗಡುವು 26ರ ರಾತ್ರಿ 9. ರಕ್ತಪರೀಕ್ಷೆಯ ವರದಿ ಬಂದಿಲ್ಲ, ಹೆದ್ದಾರಿ ಮುಚ್ಚಿದೆ, ಅಚ್ಚು ಇನ್ನೂ ಒಣಗಿಲ್ಲ. ಪುಸ್ತಕವಾಗಿ ಅಚ್ಚಾಗುವ ಮುನ್ನ ಲೇಖಕರು ಈ 48 ಗಂಟೆಯನ್ನೇ ಕಥೆಯ ಚೌಕಟ್ಟು ಮಾಡಿಕೊಳ್ಳಲಿ, ಗವರ್ನರ್ ಕಡೆಯವನ ಫೋನನ್ನು ತೆಗೆದುಹಾಕಲಿ.

ಇತಿ,
ಓರ್ವ ಓದುಗ, ಶಿವಮೊಗ್ಗ